ಮೀಸೆ ಮಣ್ಣಾಗಲಿ

ನವೆಂಬರ್ ತಿಂಗಳಿಡೀ ಮೀಸೆ ಬೆಳೆಸಿ ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಿದ ಕೆಲವು ಸಹೋದ್ಯೋಗಿಗಳ ಚಿತ್ರವನ್ನು ಕಳೆದ ಸಂಚಿಕೆಯಲ್ಲಿ ಪ್ರಕಟಿಸಿದ್ದೆವು. ಅದನ್ನು ನೋಡಿ ನೊಂದ ಓದುಗರೊಬ್ಬರು ಬರೆದ ಪತ್ರದ ಮುಖ್ಯ ಭಾಗ ಇಲ್ಲಿದೆ. ಹೆಸರು ಹಾಕಬೇಡಿ ಎಂದು ಅವರು ಕೇಳಿಕೊಂಡಿದ್ದಾರೆ.

"ಮೀಸೆಗೂ ಕ್ಯಾನ್ಸರಿಗೂ ಏನು ನಂಟು? ಕೊಡುವ ಮನಸ್ಸಿದ್ದವರು ನೇರವಾಗಿ ಕೊಡಲಿ. ಕಿಮೋಥೆರಪಿಯಿಂದ ಹುಬ್ಬಿನ ಕೂದಲನ್ನೂ ಕಳೆದುಕೊಂಡವರ ಎದುರು ಮೀಸೆ ತೀಡಿಕೊಂಡು ನಿಲ್ಲುವುದು ಕ್ರೌರ್ಯ. ನನ್ನ ಅಣ್ಣ ಎರಡು ವರ್ಷದ ಹಿಂದೆ, ಅರವತ್ತೊಂದನೆಯ ವಯಸ್ಸಿನಲ್ಲಿ, ಪ್ರಾಸ್ಟೇಟ್ ಕ್ಯಾನ್ಸರಿನಿಂದ ತೀರಿಕೊಂಡರು. ರಾತ್ರಿ ನಾಲ್ಕೈದು ಸಲ ಏಳುತ್ತಿದ್ದರು, ಆಮೇಲೆ ಸೊಂಟನೋವು ಎನ್ನುತ್ತಿದ್ದರು. ಕೇಳಿದರೆ ವಯಸ್ಸಾಯಿತಲ್ಲ ಎಂದು ಮಾತು ಮುಗಿಸುತ್ತಿದ್ದರು. ಗೊತ್ತಾದಾಗ ರೋಗ ಮೂಳೆಗೆ ಇಳಿದಿತ್ತು. ಈಗ ನನಗೆ ಐವತ್ತೆಂಟು. ಅವರ ಸಾವಿನ ಮೇಲೆ ಯಾರೂ ಮೀಸೆ ಬೆಳೆಸುವುದು ನನಗೆ ಬೇಕಿಲ್ಲ."

ಮಾನ್ಯರೇ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಆ ಚಿತ್ರದ ಕೆಳಗೆ ನಾವು ಹಾಕಿದ್ದು ಒಂದೇ ಸಾಲು. ಯಾವ ಕ್ಯಾನ್ಸರ್, ಯಾರಿಗೆ ಬರುತ್ತದೆ, ಯಾವಾಗ ವೈದ್ಯರ ಬಳಿ ಹೋಗಬೇಕು ಎಂಬ ಒಂದು ಮಾತೂ ಅಲ್ಲಿರಲಿಲ್ಲ. ಮುಖಗಳನ್ನು ತೋರಿಸಿ ರೋಗದ ಹೆಸರನ್ನು ಬಿಟ್ಟರೆ ನಿಮ್ಮಂಥವರಿಗೆ ಅದು ಮೆರವಣಿಗೆಯಂತೆ ಕಾಣದೆ ಇನ್ನೇನು? ಆ ಕೊರತೆಯನ್ನು ಇಲ್ಲಿ ತುಂಬಲು ಯತ್ನಿಸುತ್ತೇನೆ. ಆದರೆ ಮೀಸೆಯ ವಿಷಯದಲ್ಲಿ ನಿಮ್ಮೊಂದಿಗೆ ವಾದಕ್ಕೂ ನಿಲ್ಲುತ್ತೇನೆ.

ಇದು ಶುರುವಾದದ್ದು 2003ರಲ್ಲಿ, ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ. ಟ್ರಾವಿಸ್ ಗರೋನ್ ಮತ್ತು ಲ್ಯೂಕ್ ಸ್ಲ್ಯಾಟರಿ ಎಂಬ ಇಬ್ಬರು ಗೆಳೆಯರು, ಹಳೆಯ ಶೋಕಿಗಳೆಲ್ಲ ಮರಳಿ ಬಂದರೂ ಮೀಸೆ ಮಾತ್ರ ಬರಲಿಲ್ಲವಲ್ಲ ಎಂದು ಮಾತನಾಡಿಕೊಂಡರು. ಗೆಳೆಯನೊಬ್ಬನ ತಾಯಿ ಸ್ತನ ಕ್ಯಾನ್ಸರಿಗಾಗಿ ಹಣ ಕೂಡಿಸುತ್ತಿದ್ದುದು ಅವರ ಕಣ್ಣ ಮುಂದಿತ್ತು. ಹೆಂಗಸರು ತಮ್ಮ ರೋಗದ ಬಗ್ಗೆ ಬಾಯಿ ಬಿಟ್ಟು ಮಾತನಾಡುತ್ತಿದ್ದಾರೆ, ಗಂಡಸರಿಗೆ ಅಂಥದ್ದೇನೂ ಇಲ್ಲ. ಮೊದಲ ವರ್ಷ ಮೂವತ್ತು ಜನ ಮೀಸೆ ಬಿಟ್ಟರು. ಮರುವರ್ಷ ಆ ಸಂಖ್ಯೆ ನೂರುಗಳಿಗೆ ಏರಿತು. ಕೂಡಿದ ಹಣ ಆಸ್ಟ್ರೇಲಿಯಾದ ಪ್ರಾಸ್ಟೇಟ್ ಕ್ಯಾನ್ಸರ್ ಪ್ರತಿಷ್ಠಾನಕ್ಕೆ ಹೋಯಿತು. ಅಲ್ಲಿಯವರೆಗೆ ಆ ಪ್ರತಿಷ್ಠಾನಕ್ಕೆ ಬಂದ ದೇಣಿಗೆಗಳಲ್ಲಿ ಅದೇ ದೊಡ್ಡದು. ಮೀಸೆಗೆ ಅಲ್ಲಿನವರು ಆಡುವ 'ಮೊ' ಎಂಬ ಮಾತು ನವೆಂಬರ್ ಜೊತೆ ಸೇರಿ 'ಮೊವೆಂಬರ್' ಆಯಿತು. ಮುಂದೆ ವೃಷಣದ ಕ್ಯಾನ್ಸರ್, ಗಂಡಸರ ಮಾನಸಿಕ ಆರೋಗ್ಯ, ಆತ್ಮಹತ್ಯೆ ತಡೆ ಇವೆಲ್ಲ ಅದರೊಳಗೆ ಬಂದವು.

ಇದಕ್ಕೊಂದು ನಿಯಮವಿದೆ. ನವೆಂಬರ್ 1ರಂದು ಮುಖವನ್ನು ನುಣ್ಣಗೆ ಬೋಳಿಸಿಕೊಂಡು ಆರಂಭಿಸಬೇಕು. ಇಪ್ಪತ್ತು ವರ್ಷದಿಂದ ಮೀಸೆ ಇಟ್ಟವನಿಗೂ ಇದರಿಂದ ವಿನಾಯಿತಿ ಇಲ್ಲ. ಅವನನ್ನು ಮೊದಲ ದಿನವೇ ಮನೆಯವರು, ಅಕ್ಕಪಕ್ಕದವರು, ಜೊತೆಯಲ್ಲಿ ಕೆಲಸ ಮಾಡುವವರು ನಿಲ್ಲಿಸಿ ಕೇಳುತ್ತಾರೆ, ಏನಾಯಿತು ಎಂದು. ಎದೆಗೆ ಚುಚ್ಚಿಕೊಂಡ ಬಿಲ್ಲೆಯನ್ನು ಸಂಜೆ ಕಳಚಿಡಬಹುದು. ಮುಖವನ್ನು ಕಳಚಿಡಲು ಬರುವುದಿಲ್ಲ. ಮೂವತ್ತು ದಿನ, ಹೋದಲ್ಲೆಲ್ಲ, ಅವನು ಉತ್ತರ ಹೇಳಲೇಬೇಕು. ಆ ಉತ್ತರದಲ್ಲಿ ಪ್ರಾಸ್ಟೇಟ್ ಎಂಬ ಶಬ್ದ ಬಂದರೆ ಮೀಸೆ ತನ್ನ ಕೆಲಸ ಮಾಡಿತು. ಬರದಿದ್ದರೆ ನೀವು ಹೇಳಿದ್ದೇ ಸರಿ.

ನೇರವಾಗಿ ಕೊಡಲಿ ಎಂದಿರಿ. ಕೊಡುವವರು ಕೊಡುತ್ತಲೇ ಇದ್ದಾರೆ, ಅವರಿಗೆ ಮೀಸೆಯ ನೆಪ ಬೇಕಿಲ್ಲ. ಮೂತ್ರದ ತೊಂದರೆಯ ಬಗ್ಗೆ ಲೇಖನ ಕಂಡರೆ ಪುಟ ತಿರುವುವ ಗಂಡಸು ಗೆಳೆಯನ ಮುಖ ಕಂಡು ನಿಂತು ಕೇಳುತ್ತಾನೆ. ನನ್ನ ಲೆಕ್ಕ ಅವನ ಮೇಲಿದೆ. ಹಣ ಕೊಡುವ ಮುನ್ನ ಅದು ಯಾವ ಸಂಸ್ಥೆಗೆ, ಯಾವ ಕೆಲಸಕ್ಕೆ ಹೋಗುತ್ತದೆ, ರಸೀದಿ ಇದೆಯೇ ಎಂದು ಅವನು ಕೇಳಲಿ. ಕೇಳಿದಾಗ ತಡವರಿಸುವವರಿಗೆ ಕೊಡುವುದು ಬೇಡ.

ಕೂದಲು ಕಳೆದುಕೊಂಡವರ ಎದುರು ಎಂಬ ನಿಮ್ಮ ಮಾತು ನನ್ನನ್ನು ಬಹಳ ಹೊತ್ತು ಹಿಡಿದಿಟ್ಟಿತು. ಅಮೆರಿಕದಲ್ಲಿ ಇದೇ ತಿಂಗಳು ನಡೆಯುವ ಇನ್ನೊಂದು ಅಭಿಯಾನವಿದೆ, ನೋ ಶೇವ್ ನವೆಂಬರ್. ಕರುಳಿನ ಕ್ಯಾನ್ಸರಿನಿಂದ 2007ರಲ್ಲಿ ತಂದೆಯನ್ನು ಕಳೆದುಕೊಂಡ ಎಂಟು ಮಕ್ಕಳು 2009ರಲ್ಲಿ ಅದನ್ನು ಆರಂಭಿಸಿದರು. ರೋಗಿಗಳು ಕಳೆದುಕೊಳ್ಳುವ ಕೂದಲನ್ನು ನಾವು ಒಂದು ತಿಂಗಳು ಮುಟ್ಟದೆ ಬೆಳೆಯಲು ಬಿಡೋಣ, ಕ್ಷೌರಕ್ಕೆ ಹೋಗುತ್ತಿದ್ದ ಹಣವನ್ನು ಅವರಿಗೆ ಕೊಡೋಣ ಎಂಬುದು ಅವರ ಯೋಚನೆ. ನಿಮ್ಮಂತೆ ಮನೆಯಲ್ಲಿ ಸಾವು ಕಂಡವರೇ ಅವರು. ಇದಕ್ಕೆ ತಿರುಗುಮುರುಗಾಗಿ ತಲೆ ಬೋಳಿಸಿಕೊಂಡು ಮಕ್ಕಳ ಕ್ಯಾನ್ಸರಿಗೆ ಹಣ ಕೂಡಿಸುವವರೂ ಇದ್ದಾರೆ. 2000ದಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾದ ಸೇಂಟ್ ಬಾಲ್ಡ್ರಿಕ್ಸ್ ಅಂಥದ್ದು. ಬೆಳೆಸಲಿ, ಬೋಳಿಸಲಿ, ರೋಗಿಯ ಮುಖ ನೆನಪಿನಲ್ಲಿದ್ದರೆ ಅದು ಅವಮಾನವಾಗದು ಎಂದು ನನ್ನ ನಂಬಿಕೆ. ನಿಮಗೆ ಹಾಗೆ ಅನ್ನಿಸದಿದ್ದರೆ ಆ ನೋವನ್ನು ವಾದದಿಂದ ಅಳಿಸುವ ಹಕ್ಕು ನನಗಿಲ್ಲ.

ಸಂಶೋಧನೆಯಿಂದ ನಿಜವಾಗಿ ಏನಾಗುತ್ತದೆ ಎಂಬುದಕ್ಕೆ ವೃಷಣದ ಕ್ಯಾನ್ಸರಿನ ಕಥೆಗಿಂತ ಒಳ್ಳೆಯ ಸಾಕ್ಷಿ ನನಗೆ ತಿಳಿದಿಲ್ಲ. 1965ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಬಾರ್ನೆಟ್ ರೋಸನ್‌ಬರ್ಗ್ ಎಂಬ ವಿಜ್ಞಾನಿ ಬ್ಯಾಕ್ಟೀರಿಯಾಗಳ ಮೇಲೆ ವಿದ್ಯುತ್ತಿನ ಪರಿಣಾಮ ನೋಡುತ್ತಿದ್ದರು. ಅವು ಬೆಳೆಯುತ್ತಿದ್ದವು, ಆದರೆ ಒಡೆದು ಎರಡಾಗುತ್ತಿರಲಿಲ್ಲ. ಕಾರಣ ವಿದ್ಯುತ್ತಾಗಿರಲಿಲ್ಲ, ತಂತಿಯ ತುದಿಯ ಪ್ಲಾಟಿನಂನಿಂದ ಹುಟ್ಟಿದ ರಾಸಾಯನಿಕವಾಗಿತ್ತು. ಕ್ಯಾನ್ಸರ್ ಔಷಧವನ್ನು ಅಲ್ಲಿ ಯಾರೂ ಹುಡುಕುತ್ತಿರಲಿಲ್ಲ. ಆ ದಾರಿಯಲ್ಲೇ ಸಿಸ್‌ಪ್ಲಾಟಿನ್ ಎಂಬ ಕ್ಯಾನ್ಸರ್ ಔಷಧ ಬಂದಿತು. 1974ರಲ್ಲಿ ಇಂಡಿಯಾನಾದ ವೈದ್ಯ ಲಾರೆನ್ಸ್ ಐನ್‌ಹಾರ್ನ್ ಅದನ್ನು ಬೇರೆ ಔಷಧಗಳೊಂದಿಗೆ ಸೇರಿಸಿ, ದೇಹದೆಲ್ಲೆಡೆ ಹರಡಿದ ವೃಷಣದ ಕ್ಯಾನ್ಸರ್ ಇದ್ದವನಿಗೆ ಕೊಟ್ಟರು. ಹಾಗೆ ಹರಡಿದ ಮೇಲೂ ಇಂದು ಬಹುಪಾಲು ಜನ ಗುಣವಾಗುತ್ತಾರೆ. ಅದಕ್ಕೂ ಮೊದಲು ಬಹುಪಾಲು ಜನ ಸಾಯುತ್ತಿದ್ದರು. ಈ ಕ್ಯಾನ್ಸರ್ ಹೆಚ್ಚಾಗಿ ಬರುವುದು ಹರೆಯದವರಿಗೆ. ನೋವಿಲ್ಲದ ಗಂಟು, ಊತ ಅಥವಾ ಭಾರ ಅದರ ಗುರುತು. ಬಿಸಿನೀರಿನ ಸ್ನಾನವಾದ ಮೇಲೆ ಬೆರಳಿಗೆ ಗಂಟು ಸಿಕ್ಕಿದರೆ ಆ ವಾರವೇ ವೈದ್ಯರಿಗೆ ತೋರಿಸಬೇಕು ಎಂದು ನಿಮ್ಮ ಮಕ್ಕಳಿಗೆ, ನಿಮ್ಮ ಅಣ್ಣನ ಮಕ್ಕಳಿಗೆ ಹೇಳಿ. ನಾಚಿಕೆಪಟ್ಟು ಕೂರುವ ರೋಗ ಇದಲ್ಲ.

ಇನ್ನು ನಿಮ್ಮ ಅಣ್ಣನವರ ರೋಗ. ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಬಳಸಿಕೊಂಡು ಅಕ್ರೋಟಿನ ಗಾತ್ರದ ಗ್ರಂಥಿ ಇದೆ, ಅದು ಪ್ರಾಸ್ಟೇಟ್. ವಯಸ್ಸಾದಂತೆ ಅದು ದಪ್ಪವಾಗುವುದು ಸಾಮಾನ್ಯ. ರಾತ್ರಿ ಪದೇಪದೇ ಏಳುವುದು, ಧಾರೆ ಸಣ್ಣಗಾಗುವುದು ಹೆಚ್ಚಿನವರಲ್ಲಿ ಅದರಿಂದಲೇ. ಕ್ಯಾನ್ಸರ್ ಮಾತ್ರ ಬಹುತೇಕ ಗ್ರಂಥಿಯ ಹೊರಭಾಗದಲ್ಲಿ ಹುಟ್ಟುವುದರಿಂದ ಮೊದಮೊದಲು ಯಾವ ಗುರುತನ್ನೂ ಕೊಡುವುದಿಲ್ಲ. ಸೊಂಟ, ಬೆನ್ನು ನೋಯುವ ಹೊತ್ತಿಗೆ ಅದು ಮೂಳೆಗೆ ಹೋಗಿರಬಹುದು. ನಿಮ್ಮ ಅಣ್ಣನವರು ಮುಚ್ಚಿಟ್ಟರು ಎಂದು ನೀವು ಕೊರಗುತ್ತಿದ್ದರೆ, ದಯವಿಟ್ಟು ಇದನ್ನು ನೆನಪಿಡಿ.

ರಕ್ತದಲ್ಲಿ ಪಿಎಸ್‌ಎ ಎಂಬ ಅಂಶವನ್ನು ಅಳೆಯುವ ಪರೀಕ್ಷೆ ಇದೆ. ಅದೇ ಅಂತಿಮ ತೀರ್ಪಲ್ಲ. ಗ್ರಂಥಿ ದಪ್ಪವಾದರೂ, ಸೋಂಕಾದರೂ ಆ ಅಂಕಿ ಏರುತ್ತದೆ. ಜೀವಮಾನವಿಡೀ ತೊಂದರೆ ಕೊಡದ ನಿಧಾನದ ಕ್ಯಾನ್ಸರನ್ನು ಹಿಡಿದು ಚಿಕಿತ್ಸೆ ಮಾಡಿ, ಮೂತ್ರ ನಿಲ್ಲದಂತೆಯೋ ದಾಂಪತ್ಯಕ್ಕೆ ತೊಡಕಾಗುವಂತೆಯೋ ಮಾಡಿದ್ದೂ ಉಂಟು. ಅದಕ್ಕೇ ಅಮೆರಿಕದ ತಜ್ಞರ ಸಮಿತಿ 2012ರಲ್ಲಿ ಯಾವ ವಯಸ್ಸಿನವರಿಗೂ ಈ ತಪಾಸಣೆ ಬೇಡ ಎಂದಿತು; 2018ರಲ್ಲಿ ನಿಲುವು ಬದಲಿಸಿ, 55ರಿಂದ 69ರ ವಯಸ್ಸಿನವರು ವೈದ್ಯರೊಂದಿಗೆ ಲಾಭನಷ್ಟ ಮಾತನಾಡಿ ತಾವೇ ತೀರ್ಮಾನಿಸಲಿ ಎಂದಿತು. ಈಗ ನಿಧಾನದ ಕ್ಯಾನ್ಸರಾದರೆ ಚಾಕು ಮುಟ್ಟಿಸದೆ, ಆಗಾಗ ಪರೀಕ್ಷಿಸುತ್ತ ಕಾಯುವ ದಾರಿಯೂ ಇದೆ.

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆಯನ್ನು ನಾವೆಲ್ಲ ಕೇಳುತ್ತ ಬೆಳೆದವರು. ವಯಸ್ಸಾಯಿತಲ್ಲ ಎಂದು ಮಾತು ಮುಗಿಸಿದ ನಿಮ್ಮ ಅಣ್ಣನವರ ಬಾಯಲ್ಲಿದ್ದದ್ದು ಅದೇ ಗಾದೆ. ನಮ್ಮ ತಂದೆಯ ಬಾಯಲ್ಲೂ ಅದೇ ಇತ್ತು. ಆ ಮೀಸೆಯನ್ನೇ ಮುಂದಿಟ್ಟುಕೊಂಡು, ನಾನೂ ಬೀಳಬಹುದು, ನನಗೂ ರೋಗ ಬರಬಹುದು ಎಂದು ನಾಲ್ಕು ಜನರೆದುರು ಹೇಳುವ ಗಂಡಸರನ್ನು ಕಂಡಾಗ ನನಗೆ ಗೌರವ ಹುಟ್ಟುತ್ತದೆ. ಆ ಚಿತ್ರವನ್ನು ಪ್ರಕಟಿಸಿದ್ದು ಅದಕ್ಕಾಗಿ.

ನಿಮ್ಮ ಪತ್ರದಲ್ಲಿ ನನ್ನನ್ನು ಕಾಡಿದ ಸಾಲು ಬೇರೆಯೇ ಇದೆ. ಈಗ ನನಗೆ ಐವತ್ತೆಂಟು ಎಂದು ಬರೆದು, ನಿಮ್ಮ ವಿಷಯವನ್ನು ಅಲ್ಲಿಗೇ ಬಿಟ್ಟಿದ್ದೀರಿ. ತಂದೆಗೋ ಅಣ್ಣತಮ್ಮಂದಿರಿಗೋ ಈ ಕ್ಯಾನ್ಸರ್ ಬಂದಿದ್ದರೆ ಉಳಿದವರಿಗೆ ಬರುವ ಸಾಧ್ಯತೆ ಸುಮಾರು ಎರಡು ಪಟ್ಟು ಹೆಚ್ಚುತ್ತದೆ. ಮನೆಯ ಹೆಂಗಸರಲ್ಲಿ ಯಾರಿಗಾದರೂ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಬಂದಿದ್ದರೆ ಅದನ್ನೂ ವೈದ್ಯರಿಗೆ ಹೇಳಬೇಕು. ಕೆಲವು ಕುಟುಂಬಗಳಲ್ಲಿ ಒಂದೇ ವಂಶವಾಹಿಯ ದೋಷ ಅವಕ್ಕೂ ಪ್ರಾಸ್ಟೇಟ್ ಕ್ಯಾನ್ಸರಿಗೂ ಕಾರಣ. ಅಣ್ಣನ ಆರೈಕೆಗೆ ಆಸ್ಪತ್ರೆಗಳನ್ನು ಸುತ್ತಿದ ನೀವು ನಿಮಗಾಗಿ ಒಮ್ಮೆಯಾದರೂ ಹೋಗಿದ್ದೀರಾ?

ಪತ್ರದ ಮೇಲೆ ನಿಮ್ಮ ದೂರವಾಣಿ ಸಂಖ್ಯೆ ಇದೆ. ಈ ಸಂಚಿಕೆ ನಿಮ್ಮ ಕೈ ಸೇರಿದ ವಾರ ನಾನೇ ಕರೆ ಮಾಡುತ್ತೇನೆ. ಮೀಸೆಯ ಮಾತು ಎತ್ತುವುದಿಲ್ಲ. ವೈದ್ಯರನ್ನು ಕಾಣಲು ಯಾವ ದಿನ ಗೊತ್ತುಮಾಡಿದ್ದೀರಿ ಎಂದು ಮಾತ್ರ ಕೇಳುತ್ತೇನೆ.

— ಸಂಪಾದಕ