ಕುದುರೆ ಇಳಿದ ಮೇಲೆ ಕಾಲು ಕೂಡುವುದಿಲ್ಲ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ವಯಸ್ಸು 46. ಭಾವ ಹೋಂಸ್ಟೇಗೆ ಅಂತ ಒಂದು ಕುದುರೆ ತಂದರು, ಬೆಳಿಗ್ಗೆ ಅದನ್ನು ಓಡಾಡಿಸುವ ಕೆಲಸ ನನ್ನ ಪಾಲಿಗೆ ಬಂತು. ಹೆಣ್ಣು ಕುದುರೆ, ಬಹಳ ಸಾಧು. ಆದರೆ ಬೆನ್ನು ಊಟದ ಮೇಜಿನಷ್ಟು ಅಗಲ. ಮುಕ್ಕಾಲು ಗಂಟೆ ಕೂತು ಇಳಿದರೆ ಎರಡು ಕಾಲೂ ಹತ್ತಿರ ಬರುವುದಿಲ್ಲ, ಅಡಿಕೆ ಮರ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಲ್ಲಬೇಕು. ಮನೆಯವಳಿಗೆ ನಗು. ಇಪ್ಪತ್ತು ವರ್ಷದ ಹಿಂದೆ ಬೆಂಗಳೂರಿನಲ್ಲಿ ಸವಾರಿ ಕಲಿತಾಗ ಇದೆಲ್ಲ ಇರಲಿಲ್ಲ. ನನ್ನ ಸೊಂಟ ಸವೆದಿದೆಯಾ? ಸವಾರಿ ಬಿಡಬೇಕಾ?

ಉತ್ತರ: ಮರ ಹಿಡಿದು ನಿಂತಿದ್ದನ್ನೂ ಬರೆದಿದ್ದೀರಿ, ಮನೆಯವರು ನಕ್ಕಿದ್ದನ್ನೂ ಬರೆದಿದ್ದೀರಿ, ನೋವು ಎಲ್ಲಿ ಅಂತ ಮಾತ್ರ ಬರೆದಿಲ್ಲ! ನಮ್ಮಲ್ಲಿ ಬೆನ್ನಿನ ಕೆಳಭಾಗವೂ ಸೊಂಟ, ಪಕ್ಕದ ಮೂಳೆಯೂ ಸೊಂಟ, ತೊಡೆಸಂದೂ ಸೊಂಟವೇ. ಅದಕ್ಕೇ ನಾನು ಫಿಸಿಯೋಥೆರಪಿಗೆ ಬರುವವರಿಗೆ ಮೊದಲು ಹೇಳುವುದು, ಬಾಯಲ್ಲಿ ಹೇಳಬೇಡಿ, ಬೆರಳಿಟ್ಟು ತೋರಿಸಿ ಅಂತ. ನೀವೂ ಈಗಲೇ ಬೆರಳಿಟ್ಟು ನೋಡಿ.

ತೊಡೆಯ ಒಳಮಗ್ಗುಲಲ್ಲಿ ನೋವು, ಮಾರನೇ ದಿನ ಮೆಟ್ಟಿಲು ಇಳಿಯುವಾಗ ಜಾಸ್ತಿ, ಎರಡು ಮೂರು ದಿನಕ್ಕೆ ತಾನೇ ಕಡಿಮೆ ಅಂತಾದರೆ ಅದು ಸ್ನಾಯು ಎಳೆದಿದ್ದು. ಎರಡು ಕಾಲನ್ನು ಹತ್ತಿರ ತರುವ ಸ್ನಾಯುಗಳು ಅವು, ಮುಕ್ಕಾಲು ಗಂಟೆ ಹಿಗ್ಗಿಸಿಟ್ಟರೆ ಮುನಿಸಿಕೊಳ್ಳುತ್ತವೆ. ಪಕ್ಕದ ಉಬ್ಬಿದ ಮೂಳೆಯ ಮೇಲೆ ನೋವಿದ್ದು, ರಾತ್ರಿ ಆ ಮಗ್ಗುಲಿಗೆ ಮಲಗಲು ಆಗದಿದ್ದರೆ ಅಲ್ಲಿನ ಸ್ನಾಯುವಿನ ಬುಡದ ತಕರಾರು. ಪಿರ್ರೆಯಿಂದ ಹೊರಟು ಕಾಲಿನುದ್ದಕ್ಕೆ ಸೆಳೆದರೆ ಬೆನ್ನನ್ನು ತೋರಿಸಬೇಕು. ಇನ್ನೊಂದು ಇದೆ. ಎಲ್ಲಿ ನೋವು ಅಂದರೆ ಕೆಲವರು ಬೆರಳಿಡುವುದಿಲ್ಲ, ಹೆಬ್ಬೆರಳು ಹಿಂದೆ, ಉಳಿದ ಬೆರಳು ಮುಂದೆ ಮಾಡಿ ಪಕ್ಕದ ಮೂಳೆಯ ಮೇಲ್ಗಡೆ ಅರ್ಧಚಂದ್ರದ ಹಾಗೆ ಹಿಡಿದು, ಒಳಗೆಲ್ಲೋ ಅಂತಾರೆ. ಅಲ್ಲಿ ನನಗೆ ಅನುಮಾನ ಕೀಲಿನ ಮೇಲೆ.

ಬೆಂಗಳೂರಿನಲ್ಲಿ ಯಾಕೆ ಇರಲಿಲ್ಲ? ಒಂದು, ಆಗ ನಿಮಗೆ 26. ಇನ್ನೊಂದು, ಅಲ್ಲಿನ ಸವಾರಿ ಶಾಲೆಗಳಲ್ಲಿ ರೇಸ್ ಓಡಿ ನಿವೃತ್ತಿಯಾದ ಥರೋಬ್ರೆಡ್ ಕುದುರೆಗಳು ಇರುವುದುಂಟು, ಅವುಗಳ ಮೈ ಸಪೂರ. ನಮ್ಮ ದೇಶದ ಮಾರ್ವಾಡಿ, ಕಾಠಿಯಾವಾಡಿ ಜಾತಿಯ ಕುದುರೆಗಳೂ ಹೆಚ್ಚಾಗಿ ಹಾಗೇ. ಫ್ರಾನ್ಸಿನ ಪರ್ಶೆರಾನ್, ಇಂಗ್ಲೆಂಡಿನ ಶೈರ್ ಇವೆಲ್ಲ ಭಾರ ಎಳೆಯಲು ಬೆಳೆಸಿದ ಜಾತಿ, ಬೆನ್ನು ಹಾಸಿಗೆ ಇದ್ದ ಹಾಗೆ. ತೊಡೆಮೂಳೆಯ ಗುಂಡುತಲೆ ಒಂದು ಬಟ್ಟಲಿನಲ್ಲಿ ಕೂತಿರುತ್ತದೆ, ಕಾಲು ಪಕ್ಕಕ್ಕೆ ಸುಮಾರು 45 ಡಿಗ್ರಿ ತನಕ ಹೋಗುತ್ತದೆ. ಆಮೇಲೂ ಎಳೆದರೆ ಇಡೀ ಸೊಂಟವೇ ವಾಲುತ್ತದೆ, ಕೆಳಬೆನ್ನು ಆ ಭಾರ ಹೊರುತ್ತದೆ. ಬಟ್ಟಲಿನ ಆಳ, ಅದು ತಿರುಗಿರುವ ದಿಕ್ಕು ಒಬ್ಬೊಬ್ಬರದು ಒಂದೊಂದು ಥರ. ಸ್ನಾಯು ಬಿಗಿ ಇದ್ದರೆ ದಿನಾ ಸ್ವಲ್ಪ ಹಿಗ್ಗಿಸಿ ಸಡಿಲ ಮಾಡಬಹುದು. ಮೂಳೆಗೆ ಮೂಳೆ ತಾಗುವ ಹಾಗಿದ್ದರೆ ಬದ್ಧಕೋನಾಸನ ಹಾಕಿ ಮಂಡಿ ಒತ್ತಿ ಒತ್ತಿ ನೆಲಕ್ಕೆ ತಾಗಿಸಲು ಹೋಗಿ ಕೀಲನ್ನೇ ಕೆಣಕುತ್ತೀರಿ. ಅಭ್ಯಾಸ ಆದರೆ ಸರಿಹೋಗುತ್ತದೆ ಅಂತ ಹಲ್ಲು ಕಚ್ಚುವವರು ಈ ವ್ಯತ್ಯಾಸ ನೋಡುವುದೇ ಇಲ್ಲ.

ಇನ್ನು ಕೂರಲು ಕುದುರೆಯ ಬೆನ್ನಿಗೆ ಬಿಗಿಯುವ ಜೀನಿನ ವಿಷಯ. ನನ್ನ ಪ್ರಕಾರ ನಿಮ್ಮ ಅರ್ಧ ಉತ್ತರ ಇಲ್ಲೇ ಇದೆ. ಜೀನಿಗೆ ಎರಡು ಅಗಲ. ಕೆಳಗಿನ ಚೌಕಟ್ಟು ಕುದುರೆಯ ಬೆನ್ನಿಗೆ ಹೊಂದಬೇಕು. ಮೇಲೆ, ನೀವು ಕೂರುವ ಜಾಗದ ಸ್ವಲ್ಪ ಮುಂದೆ, ತೊಡೆಗಳ ನಡುವೆ ಬರುವ ಕತ್ತಿನಂಥ ಭಾಗ ನಿಮಗೆ ಹೊಂದಬೇಕು. ಚೌಕಟ್ಟು ಅಗಲವಾಗಿದ್ದು ಈ ಕತ್ತು ಸಪೂರ ಇರುವ ಜೀನು ಇದೆ, ಕೊಳ್ಳುವ ಮೊದಲು ಹತ್ತಿ ಕೂತು ನೋಡಿ. ಅಗಲ ಕುದುರೆಗೆ ಸಣ್ಣ ಜೀನು ಬಿಗಿದು ಬಚಾವಾಗಲು ಹೋಗಬೇಡಿ, ಅದರ ಹೆಗಲು ಚಿವುಟುತ್ತದೆ. ಅಡಿಗೆ ದಪ್ಪ ಕಂಬಳಿ ತುರುಕಿದರೆ ಇನ್ನೂ ಬಿಗಿ.

ದುಡ್ಡು ಖರ್ಚಿಲ್ಲದ್ದು ರಿಕಾಬು, ಅಂದರೆ ಪಾದ ಇಡುವ ಬಳೆ. ಅದರ ಪಟ್ಟಿಯನ್ನು ಒಂದು ತೂತು ಮೇಲೆ ಹಾಕಿ ನೋಡಿ. ಮಂಡಿ ಸ್ವಲ್ಪ ಮಡಚಿ ತೊಡೆ ಮುಂದಕ್ಕೆ ಬಂದರೆ ಕಾಲು ಸುಲಭವಾಗಿ ಅಗಲವಾಗುತ್ತದೆ. ಜಾಸ್ತಿ ಏರಿಸಿದರೆ ಮಂಡಿ ಬೈಯುತ್ತದೆ, ಅಥವಾ ತೊಡೆಸಂದಿನಲ್ಲಿ ಚಿವುಟಿದ ಹಾಗಾಗುತ್ತದೆ. ನೆಲದಿಂದ ಕಾಲು ಬೀಸಿ ಹತ್ತಬೇಡಿ. ತೋಟದ ಎತ್ತರದ ಧರೆ ಪಕ್ಕ ಕುದುರೆ ನಿಲ್ಲಿಸಿ ಹತ್ತಿ, ಮಲೆನಾಡಿನಲ್ಲಿ ಧರೆಗೇನು ಬರ? ಒಂದು ತಿಂಗಳು ಕಾಲು ಗಂಟೆಗಿಂತ ಜಾಸ್ತಿ ಕೂರಬೇಡಿ. ಇಳಿದು, ಲಗಾಮು ಹಿಡಿದು ಜೊತೆಗೆ ನಡೆಯಿರಿ.

ನಡೆದರೆ ಕುದುರೆಗೂ ಒಳ್ಳೆಯದು ಅನ್ನಿಸುತ್ತೆ. ಅದರ ಅಗಲ ಜಾತಿಯಿಂದ ಬಂದಿದ್ದೋ ಮೇವಿನಿಂದ ಬಂದಿದ್ದೋ ನೋಡಿ. ಪಕ್ಕೆಲುಬಿನ ಮೇಲೆ ಅಂಗೈ ಸವರಿ, ಮೂಳೆ ಕೈಗೆ ಸಿಗಬೇಕು. ಒತ್ತಿದರೂ ಸಿಗದಿದ್ದರೆ ಕೊಬ್ಬು. ಭಾವನಿಗೆ ಹೇಳಿ ಹುರುಳಿ ಕಡಿಮೆ ಮಾಡಿಸಿ, ಪಶುವೈದ್ಯರನ್ನು ಕೇಳಿ. ಕೊಬ್ಬಿದ ಕುದುರೆಗೆ ಗೊರಸಿನ ಒಳಗೆ ಉರಿಯೂತ ಬರುತ್ತದೆ, ಆಮೇಲೆ ನಿಮಗಿಂತ ಮೊದಲು ಅದೇ ಕುಂಟುತ್ತದೆ.

ಸವಾರಿ ಬಿಡುವ ಮಾತು ಈಗ ಬೇಡ. ಆದರೆ ತೊಡೆಸಂದಿನ ಒಳಗೆ ನೋವಿದ್ದು, ಚಪ್ಪಲಿ ಹಾಕಲು ಬಗ್ಗಿದರೂ ಚುಚ್ಚಿದರೆ, ಸುಮ್ನೆ ಮಲಗಿದಾಗಲೂ ನೋವಿದ್ದರೆ, ಕುಂಟು ಬಂದರೆ ಮೂಳೆ ಡಾಕ್ಟರ ಹತ್ತಿರ ಹೋಗಿ. ಸ್ಟೀರಾಯ್ಡ್ ಮಾತ್ರೆ ಬಹಳ ದಿನ ನುಂಗಿದ್ದರೆ, ಕುಡಿತ ಜಾಸ್ತಿ ಇದ್ದರೆ ಅದನ್ನೂ ಮುಚ್ಚಿಡದೆ ಹೇಳಿ. ಅಂಥವರಲ್ಲಿ ತೊಡೆಮೂಳೆಯ ತಲೆಗೆ ರಕ್ತ ಕಡಿಮೆಯಾಗಿ ಅದು ಹಾಳಾಗುವುದುಂಟು, ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಕಾಣದೆ ಎಂಆರ್‌ಐನಲ್ಲಿ ಮಾತ್ರ ಸಿಗುತ್ತದೆ.

ಪ್ರಶ್ನೆ: ಜೀನೇ ಬೇಡ, ಬರೀ ಕಂಬಳಿ ಹಾಕಿ ಕೂತರೆ ನೋವು ಕಡಿಮೆ ಅಲ್ವಾ? (ಸಾಗರದ ಓದುಗರು)

ಉತ್ತರ: ಸಪೂರ ಕುದುರೆಯಾದರೆ ಹಿತವಾಗಿರಬಹುದು. ಅಗಲ ಕುದುರೆಯಲ್ಲಿ ಅದರ ಪೂರ್ತಿ ಅಗಲ ನಿಮ್ಮ ತೊಡೆಗೇ ಬರುತ್ತದೆ, ಕಂಬಳಿಯದು ಮೇಲೆ ಬೇರೆ.

ಪ್ರಶ್ನೆ: ಕಾಡಿನ ದಾರಿಯಲ್ಲಿ ಕುದುರೆ ಸವಾರಿ ಮಾಡಿ ಬಂದ ಐದನೇ ದಿನ ಮೈಕೈ, ಸೊಂಟ ಎಲ್ಲ ವಿಪರೀತ ನೋವು, ಜ್ವರ, ತಲೆನೋವು. ಸವಾರಿಯ ಆಯಾಸಕ್ಕೆ ಜ್ವರ ಬರುತ್ತದಾ? (ಹೊಸನಗರದ ಓದುಗರು)

ಉತ್ತರ: ಇಲ್ಲ, ಬರುವುದಿಲ್ಲ. ನಿಮಗೆ ಫೋನಿನಲ್ಲೇ ಹೇಳಿದ್ದೆ, ಉಳಿದವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಸವಾರಿಯ ನೋವು ಒಂದೆರಡು ದಿನದಲ್ಲೇ ಕಾಣಿಸುತ್ತದೆ, ಐದನೇ ದಿನ ಜ್ವರ ಹೊತ್ತು ಬರುವುದಿಲ್ಲ. ಕಾಡಿಗೆ ಹೋಗಿ ಬಂದವರಿಗೆ ಹೀಗಾದರೆ ಮಂಗನ ಕಾಯಿಲೆಯ ಅನುಮಾನ ಇರಬೇಕು. ಅದು 1957ರಲ್ಲಿ ಮೊದಲು ಗೊತ್ತಾಗಿದ್ದು ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ. ಉಣುಗು ಕಚ್ಚಿದ ಮೂರರಿಂದ ಎಂಟು ದಿನದಲ್ಲಿ ಜ್ವರ, ತಲೆನೋವು, ಸ್ನಾಯು ನೋವು ಶುರುವಾಗುತ್ತದೆ. ಡಿಸೆಂಬರಿನಿಂದ ಮೇ ತನಕ ಇದರ ಕಾಲ. ಆ ದಿನಗಳಲ್ಲಿ ಕಾಡಿಗೆ ಹೋಗುವ ಮೊದಲು ಉಣುಗು ಹತ್ತಿರ ಬರದ ಹಾಗೆ ಡೆಪಾ ಎಣ್ಣೆ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ, ಹಾಕಿದ್ದ ಬಟ್ಟೆ ಬಿಸಿನೀರಿಗೆ ಹಾಕಿ. ಜೀನಿನ ಅಡಿಯ ಬಟ್ಟೆಯನ್ನು ಮನೆಯೊಳಗೆ ತರಬೇಡಿ. ಜ್ವರ ಬಂದರೆ ಸಿಕ್ಕಿದ ನೋವಿನ ಮಾತ್ರೆ ನುಂಗಿ ಕಾಯಬೇಡಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಕಾಡಿಗೆ ಹೋಗಿದ್ದೆ ಅನ್ನುವುದನ್ನು ಅಲ್ಲಿ ಮೊದಲೇ ಹೇಳಿ.