ಬೆಳಿಗ್ಗೆ ಹಾಡುವ ಫಝ್ ಮಧ್ಯಾಹ್ನ ಕೆಮ್ಮುವುದೇಕೆ?

ಪ್ರಶ್ನೆ: ತಾತನ ರೇಡಿಯೋದಿಂದ ಎರಡು ಎಸಿ128 ಟ್ರಾನ್ಸಿಸ್ಟರ್ ಕಿತ್ತು, ಗಿಟಾರ್‌ಗೆ ಫಝ್ ಫೇಸ್ ಮಾದರಿಯ ಪೆಡಲ್ (ಗಿಟಾರಿನ ಸದ್ದನ್ನು ಬೇಕೆಂದೇ ಒರಟಾಗಿಸುವ, ಕಾಲಲ್ಲಿ ಒತ್ತುವ ಡಬ್ಬಿ) ಮಾಡಿದ್ದೇನೆ. ಬೆಳಿಗ್ಗೆ ಚೆನ್ನಾಗಿ ಬರುತ್ತೆ. ಮಧ್ಯಾಹ್ನ ಅದೇ ತಂತಿ ಮೀಟಿದರೆ ಗೊರಗೊರ ಎಂದು ಸದ್ದು ಅರ್ಧಕ್ಕೇ ಕಡಿದುಹೋಗುತ್ತೆ. ಬ್ಯಾಟರಿ ಹೊಸದು. ಇದನ್ನು ಬೇರೆ ಪೆಡಲ್‌ಗಳ ಅಡಾಪ್ಟರಿಗೇ ಸಿಕ್ಕಿಸಬಹುದಾ?
— ಒಬ್ಬ ಓದುಗ, ಕಲಬುರಗಿ

ಉತ್ತರ: ಊರಿನ ಹೆಸರು ಓದಿದಾಗಲೇ ಅರ್ಧ ಉತ್ತರ ಸಿಕ್ಕಿತು. ನಿಮ್ಮ ಬೆಸುಗೆಯಲ್ಲಿ ತಪ್ಪಿಲ್ಲ, ತಪ್ಪು ಬಿಸಿಲಿನದು. ಎಸಿ128 ಜರ್ಮೇನಿಯಂ ಟ್ರಾನ್ಸಿಸ್ಟರ್. ಅದಕ್ಕೆ ಎಮಿಟರ್, ಬೇಸ್, ಕಲೆಕ್ಟರ್ ಎಂದು ಮೂರು ಕಾಲು. ಬೇಸ್‌ಗೆ ಏನೂ ಕೊಡದಿದ್ದರೂ ಅದರೊಳಗೆ ಸ್ವಲ್ಪ ಕರೆಂಟ್ ಸೋರುತ್ತಲೇ ಇರುತ್ತೆ. ಸುಮಾರು 10 ಡಿಗ್ರಿ ಶಾಖ ಏರಿದರೆ ಆ ಸೋರಿಕೆ ಹೆಚ್ಚುಕಡಿಮೆ ಇಮ್ಮಡಿ. 1966ರಲ್ಲಿ ಲಂಡನ್ನಿನಲ್ಲಿ ಆರ್ಬಿಟರ್ ಕಂಪನಿ ಫಝ್ ಫೇಸ್ ತಂದಾಗ ಅಲ್ಲಿನ ಚಳಿಗೆ ಅದು ಹೊಂದಿತ್ತು. ಏಪ್ರಿಲ್‌ನ ಕಲಬುರಗಿ ಯಾರ ಲೆಕ್ಕದಲ್ಲೂ ಇರಲಿಲ್ಲ!

ಸೋರಿಕೆಯನ್ನು ಕಣ್ಣಾರೆ ನೋಡಬೇಕಾ? ಟ್ರಾನ್ಸಿಸ್ಟರಿನ ಎಮಿಟರ್ ಕಾಲನ್ನು 9 ವೋಲ್ಟ್ ಬ್ಯಾಟರಿಯ ಪ್ಲಸ್‌ಗೆ ಕೊಡಿ. ಕಲೆಕ್ಟರನ್ನು 2.2 ಕಿಲೋ ಓಮ್ ರೆಸಿಸ್ಟರ್ ಮೂಲಕ ಮೈನಸ್‌ಗೆ ಸೇರಿಸಿ. ಬೇಸ್ ಸುಮ್ನೆ ಗಾಳಿಯಲ್ಲಿರಲಿ. ರೆಸಿಸ್ಟರಿನ ಎರಡು ತುದಿಗೂ ವೋಲ್ಟ್ ಮೀಟರಿನ ಕಡ್ಡಿ ತಾಗಿಸಿ. 0.22 ವೋಲ್ಟ್ ತೋರಿಸಿದರೆ 100 ಮೈಕ್ರೋ ಆಂಪ್ ಸೋರುತ್ತಿದೆ ಎಂದರ್ಥ. ಈಗ ಟ್ರಾನ್ಸಿಸ್ಟರಿನ ತಗಡಿನ ಟೋಪಿಯನ್ನು ಎರಡು ಬೆರಳಲ್ಲಿ ಹಿಡಿಯಿರಿ. ಅಂಕಿ ಮೆಲ್ಲಗೆ ಏರುತ್ತೆ. ಬಿಟ್ಟು ಊದಿದರೆ ಇಳಿಯುತ್ತೆ. ಮೊದಲ ಸಲ ಇದನ್ನು ನೋಡಿದ ದಿನ ನಾನು ಊಟಕ್ಕೂ ಏಳದೆ ಡಬ್ಬಿಯಲ್ಲಿದ್ದ ಹಳೇ ಟ್ರಾನ್ಸಿಸ್ಟರುಗಳನ್ನೆಲ್ಲ ಹೀಗೇ ಹಿಡಿದು ನೋಡಿದ್ದೆ. ಕಡಿಮೆ ಸೋರುವುದನ್ನು ಪೆಡಲಿನ ಮೊದಲನೆಯ ಜಾಗಕ್ಕೆ, ಅಂದರೆ ಗಿಟಾರ್ ಸದ್ದು ಒಳಬರುವ ಕಡೆಗೆ ಹಾಕಿ. ಅಲ್ಲಿ ಸೋರಿದರೆ ಎರಡನೆಯದರ ಲೆಕ್ಕವೂ ತಪ್ಪುತ್ತೆ.

ಇನ್ನು ರಿಪೇರಿ. ಎರಡನೇ ಟ್ರಾನ್ಸಿಸ್ಟರಿನ ಕಲೆಕ್ಟರ್ ಹತ್ತಿರ 4.5 ವೋಲ್ಟ್ ಆಸುಪಾಸು ಇರಬೇಕು, ಅಂದರೆ ಬ್ಯಾಟರಿಯ ಅರ್ಧ. ಸೆಖೆಯಲ್ಲಿ ಅದು ಅರ್ಧ ದಾಟಿ ಮೇಲಕ್ಕೆ ಹೋಗಿ ಕೂರುತ್ತೆ. ಆಗ ಅಲೆಗೆ ಒಂದು ಕಡೆ ಜಾಗವೇ ಇರಲ್ಲ, ಸಣ್ಣ ಸದ್ದು ಸತ್ತುಹೋಗುತ್ತೆ. ನೀವು ಕೇಳುತ್ತಿರುವ ಗೊರಗೊರ ಅದೇ. ಅಲ್ಲಿರುವ 8.2 ಕಿಲೋ ಓಮ್ ರೆಸಿಸ್ಟರ್ ತೆಗೆದು 20 ಕಿಲೋ ಓಮ್‌ನ ಟ್ರಿಮ್‌ಪಾಟ್ (ತಿರುಗಿಸಿ ಓಮ್ ಬದಲಿಸುವ ರೆಸಿಸ್ಟರ್) ಹಾಕಿ. ಮಧ್ಯಾಹ್ನವೇ ಕೂತು, ಮೀಟರ್ 4.5 ತೋರಿಸುವವರೆಗೆ ತಿರುಗಿಸಿ. ಬೆಳಿಗ್ಗೆ ತಂಪಾದಾಗ ಅದು ಮತ್ತೆ ಆಚೀಚೆ ಆಗುತ್ತೆ. ದಿನಕ್ಕೆ ಎರಡು ಸಲ ತಿರುಗಿಸಲು ಬೇಸರವಿಲ್ಲದಿದ್ದರೆ ಅದರ ಗುಬುಟನ್ನು ಡಬ್ಬಿಯ ಹೊರಗೇ ಇಡಿ.

ಸಿಲಿಕಾನ್ ಹಾಕಿದರೆ ಈ ಕಾಟವಿಲ್ಲ. ಆರ್ಬಿಟರ್‌ನವರೂ ಆಮೇಲೆ ಬಿಸಿ108ಕ್ಕೆ ಬದಲಾದರು. ಆದರೆ ಆ ಸದ್ದು ಜಾಸ್ತಿ ಚೂಪು. ಗಿಟಾರಿನ ವಾಲ್ಯೂಮ್ ಇಳಿಸಿದಾಗ ಜರ್ಮೇನಿಯಂ ಮೆತ್ತಗೆ ತಿಳಿಯಾಗುತ್ತಲ್ಲ, ನನಗೆ ಅದೇ ಇಷ್ಟ. ತಾತನ ರೇಡಿಯೋದ ಭಾಗ ಬೇರೆ. ಬಿಡಬೇಡಿ.

ಅಡಾಪ್ಟರ್ ಮಾತ್ರ ಬೇಡವೇ ಬೇಡ. ಎಸಿ128 ಪಿಎನ್‌ಪಿ ಜಾತಿ. ನಿಮ್ಮ ಪೆಡಲಿನಲ್ಲಿ ಪ್ಲಸ್ ತುದಿಯೇ ಗ್ರೌಂಡ್, ಉಳಿದ ಪೆಡಲ್‌ಗಳಲ್ಲಿ ಮೈನಸ್. ಎಲ್ಲದರ ಗ್ರೌಂಡ್ ಗಿಟಾರ್ ವಯರಿನಲ್ಲಿ ಒಂದಾಗುತ್ತೆ. ಒಂದೇ ಅಡಾಪ್ಟರ್ ಕೊಟ್ಟರೆ ನೇರ ಶಾರ್ಟ್. ನಾನು ಒಮ್ಮೆ ಹೀಗೆ ಮಾಡಿ, ಸುಟ್ಟ ವಾಸನೆ ಬಂದ ಮೇಲೆ ತಲೆ ಓಡಿಸಿದೆ. ಬ್ಯಾಟರಿಯೇ ಇರಲಿ. ಈ ಸರ್ಕೀಟ್ ಕುಡಿಯುವುದು ಒಂದು ಮಿಲಿ ಆಂಪ್ ಕೂಡ ಇಲ್ಲ, ತಿಂಗಳುಗಟ್ಟಲೆ ಬರುತ್ತೆ. ನುಡಿಸಿದ ಮೇಲೆ ಇನ್‌ಪುಟ್ ಜಾಕ್‌ನಿಂದ ಗಿಟಾರ್ ವಯರ್ ಕಿತ್ತಿಡಿ, ಸ್ವಿಚ್ ಇರುವುದು ಅಲ್ಲೇ.