ಬ್ರೈನ್ ಹ್ಯಾಮರೇಜ್ ಆದ ಅಪ್ಪನ ರಿಪೋರ್ಟಿನಲ್ಲಿ ‘ಎಂಆರ್‌ಎಸ್ 4, ಬಾರ್ಥೆಲ್ 35’ ಅಂತ ಇದೆ. ಹಾಗಂದ್ರೆ ಏನು?

ನಾನು ಸ್ಟ್ರೋಕ್ ಆದವರಿಗೆ ಫಿಸಿಯೋಥೆರಪಿ ಮಾಡಿಸುವ ಕೆಲಸದಲ್ಲಿದ್ದೇನೆ. ನಿಮ್ಮ ತಂದೆಗೆ ಮೆದುಳಿನ ಎಡಭಾಗದಲ್ಲಿ ರಕ್ತಸ್ರಾವ ಆಗಿ ಐದು ವಾರ ಆಗಿದೆ, ಬಲಗೈ ಬಲಗಾಲು ಬಿದ್ದಿದೆ, ಮಾತು ತೊದಲುತ್ತಿದೆ ಅಂತ ಬರೆದಿದ್ದೀರಿ. ‘6ಕ್ಕೆ 4 ಬಂದಿದೆ, ಪರವಾಗಿಲ್ಲ ಅಲ್ವಾ? ಹಾಗಾದ್ರೆ 100ಕ್ಕೆ 35 ಮಾತ್ರ ಯಾಕೆ?’ ಅಂತ ಕೇಳಿದ್ದೀರಿ.

ಮೆದುಳಿನ ರಕ್ತಸ್ರಾವವೂ ಒಂದು ಬಗೆಯ ಸ್ಟ್ರೋಕ್. ಸ್ಟ್ರೋಕ್ ಆದವರಿಗೆ ದಿನನಿತ್ಯ ಎಷ್ಟು ಆಸರೆ ಬೇಕು ಅಂತ ಅಳೆಯುವ ಎರಡು ಅಳತೆ ಇವು: ಎಂಆರ್‌ಎಸ್ (ಮಾಡಿಫೈಡ್ ರ್‍ಯಾಂಕಿನ್ ಸ್ಕೇಲ್) 0ಯಿಂದ 6ರವರೆಗೆ, ಬಾರ್ಥೆಲ್ 0ಯಿಂದ 100ರವರೆಗೆ. ಎರಡೂ ಒಂದಕ್ಕೊಂದು ಉಲ್ಟಾ. ಎಂಆರ್‌ಎಸ್‌ನಲ್ಲಿ ಅಂಕಿ ಕಡಿಮೆಯಾದಷ್ಟೂ ಒಳ್ಳೆಯದು. 0 ಅಂದರೆ ಯಾವ ತೊಂದರೆಯೂ ಇಲ್ಲ, 5 ಅಂದರೆ ಹಾಸಿಗೆ ಹಿಡಿದಿದ್ದಾರೆ, 6 ಅಂದರೆ ಸಾವು. ಬಾರ್ಥೆಲ್‌ನಲ್ಲಿ ಜಾಸ್ತಿ ಬಂದರೆ ಒಳ್ಳೆಯದು.

ಎಂಆರ್‌ಎಸ್‌ನ ಮೂಲ ಅಳತೆಯನ್ನು 1957ರಲ್ಲಿ ಮಾಡಿದವರು ಸ್ಕಾಟ್ಲೆಂಡಿನ ಡಾಕ್ಟರ್ ಜಾನ್ ರ್‍ಯಾಂಕಿನ್. ಆಮೇಲೆ ಅದನ್ನು ಸ್ವಲ್ಪ ತಿದ್ದಿ ಈಗಿನ ರೂಪಕ್ಕೆ ತಂದರು. ಅದು ಕೇಳೋದು ಒಂದೇ ವಿಷಯ: ಈ ಮನುಷ್ಯನಿಗೆ ಇನ್ನೊಬ್ಬರ ಆಸರೆ ಎಷ್ಟು ಬೇಕು? 4 ಅಂದರೆ ಯಾರಾದರೂ ಹಿಡಿದುಕೊಳ್ಳದೆ ನಡೆಯೋಕೆ ಆಗಲ್ಲ, ಸ್ನಾನ ಶೌಚಕ್ಕೂ ಒಬ್ಬರು ಬೇಕು. 3 ಅಂದರೆ ಕೆಲವು ಕೆಲಸಕ್ಕೆ ಸಹಾಯ ಬೇಕು, ಆದರೆ ನಡಿಗೆ ತಮ್ಮದೇ. ಕೋಲು ಹಿಡಿದು ನಡೆದರೂ ಅದು ತಮ್ಮದೇ ನಡಿಗೆ. 2ಕ್ಕೆ ಬಂದರೆ ಮೊದಲಿನ ಎಲ್ಲ ಕೆಲಸ ಆಗದಿದ್ದರೂ ತಮ್ಮ ವ್ಯವಹಾರ ತಾವೇ ನೋಡಿಕೊಳ್ಳುತ್ತಾರೆ. ಒಂದೊಂದು ಮೆಟ್ಟಿಲೂ ಇಷ್ಟು ಎತ್ತರ ಇರುವುದರಿಂದ, ಮನೆಯಲ್ಲಿ ನಿಮಗೆ ಕಣ್ಣಿಗೆ ಕಾಣುವ ಸುಧಾರಣೆ ಆಗಿದ್ದರೂ ಕಾಗದದಲ್ಲಿ 4 ಹಾಗೇ ಕೂತಿರಬಹುದು.

ಅದಕ್ಕೇ ನಾನು ಮನೆಯವರಿಗೆ ಬಾರ್ಥೆಲ್ ನೋಡಿ ಅನ್ನೋದು. 1965ರಿಂದ ಬಳಕೆಯಲ್ಲಿರುವ ಅಳತೆ ಇದು. ಊಟ, ಸ್ನಾನ, ಮುಖ ತೊಳೆದು ತಲೆ ಬಾಚೋದು, ಬಟ್ಟೆ ಹಾಕೋದು, ಮಲ, ಮೂತ್ರದ ಹಿಡಿತ, ಟಾಯ್ಲೆಟ್ ಬಳಕೆ, ಹಾಸಿಗೆಯಿಂದ ಕುರ್ಚಿಗೆ ಹೋಗೋದು, ನಡಿಗೆ, ಮೆಟ್ಟಿಲು ಅಂತ ಹತ್ತು ವಿಷಯ. ಹಾಸಿಗೆಯಿಂದ ಏಳೋದಕ್ಕೂ ನಡಿಗೆಗೂ 15ರವರೆಗೆ, ಸ್ನಾನಕ್ಕೆ 5, ಹೀಗೆ ಅಂಕ ಹಂಚಿದ್ದಾರೆ. ಬರೀ 35 ಅನ್ನೋದರಿಂದ ಏನೂ ಗೊತ್ತಾಗಲ್ಲ. ಆ ಹತ್ತು ಸಾಲು ತುಂಬಿದ ಹಾಳೆಯನ್ನು ಆಸ್ಪತ್ರೆಯಲ್ಲಿ ಕೇಳಿ ತಗೊಳ್ಳಿ. ಕ್ಯಾಥೆಟರ್ (ಮೂತ್ರ ಹೋಗಲು ಇಡುವ ನಳಿಕೆ) ಹಾಕಿದ್ದು, ಅದನ್ನು ಅವರೇ ನೋಡಿಕೊಳ್ಳೋಕೆ ಆಗದಿದ್ದರೆ ಮೂತ್ರದ ಸಾಲಿನಲ್ಲಿ ಸೊನ್ನೆ ಬಿದ್ದಿರುತ್ತದೆ. ಡಾಕ್ಟರ್ ಅದನ್ನು ತೆಗೆಸಿ, ಹಿಡಿತ ಪೂರ್ತಿ ಬಂದರೆ ಆ ಒಂದರಲ್ಲೇ 10 ಅಂಕ.

ಇನ್ನೊಂದು ಮುಖ್ಯ ವಿಷಯ. ಬಾರ್ಥೆಲ್ ಲೆಕ್ಕ ಹಾಕೋದು ರೋಗಿ ದಿನವೂ ನಿಜವಾಗಿ ಮಾಡುವುದನ್ನು, ಮಾಡಬಲ್ಲದ್ದನ್ನು ಅಲ್ಲ. ನಮ್ಮ ಮನೆಗಳಲ್ಲಿ ತೊಡಕಾಗೋದು ಇಲ್ಲೇ. ಅಪ್ಪನಿಗೆ ಕಷ್ಟ ಆಗಬಾರದು ಅಂತ ಅಮ್ಮ ತುತ್ತು ಮಾಡಿ ಬಾಯಿಗಿಡುತ್ತಾರೆ, ಮಗ ಅಂಗಿ ಗುಂಡಿ ಹಾಕುತ್ತಾನೆ. ಪ್ರೀತಿಯೇ, ಆದರೆ ಅಂಕವೂ ಬರಲ್ಲ, ಕೈಗೆ ಅಭ್ಯಾಸವೂ ಆಗಲ್ಲ. ಎಡಗೈಯಲ್ಲಿ ಉಣ್ಣೋಕೆ ನಮ್ಮ ಹಿರಿಯರು ಒಪ್ಪಲ್ಲ, ಗೊತ್ತು. ಚಮಚ ಕೊಟ್ಟು ನೋಡಿ. ನುಂಗಲು ತೊಂದರೆ ಇಲ್ಲ ಅಂತ ಡಾಕ್ಟರ್ ಹೇಳಿದ ಮೇಲೆ ಮಾತ್ರ. ಎಡಗೈಯಲ್ಲಿ ಚಮಚ ಹಿಡಿದು ತಾವೇ ಪೂರ್ತಿ ಉಂಡರೂ ಊಟಕ್ಕೆ ಪೂರ್ಣ 10 ಸಿಗುತ್ತದೆ. ಬಟ್ಟೆಗೆ ಎಲಾಸ್ಟಿಕ್ ಪ್ಯಾಂಟು, ಪಂಚೆಗಿಂತ ಸುಲಭ.

‘ಮೂರು ತಿಂಗಳಾದ ಮೇಲೆ ನೋಡೋಣ’ ಅಂತ ಡಾಕ್ಟರ್ ಹೇಳಿದ್ದು ಸುಮ್ನೆ ಅಲ್ಲ. ಸ್ಟ್ರೋಕ್ ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಎಂಆರ್‌ಎಸ್ ಅಳೆಯೋದು 90ನೇ ದಿನಕ್ಕೆ. ಹಾಗಂತ ಅದೇ ಕೊನೆಯ ಗೆರೆ ಅಲ್ಲ. ಹ್ಯಾಮರೇಜ್‌ನಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿ, ಸುತ್ತಲಿನ ಊತ ಇಳಿಯಲು ವಾರಗಟ್ಟಲೆ ಬೇಕು. ಶುರುವಿನಲ್ಲಿ ತೀರಾ ಕೆಟ್ಟದಾಗಿ ಕಂಡವರೂ ಆರು ತಿಂಗಳು, ಒಂದು ವರ್ಷದವರೆಗೆ ಸುಧಾರಿಸುತ್ತಾ ಹೋಗೋದುಂಟು. ನಿಮ್ಮ ತಂದೆ ಎಲ್ಲಿಗೆ ಬಂದು ನಿಲ್ಲುತ್ತಾರೆ ಅನ್ನೋದು ರಕ್ತ ಎಷ್ಟು ಸೋರಿದೆ, ಎಲ್ಲಿ ಸೋರಿದೆ, ವಯಸ್ಸೆಷ್ಟು ಇವುಗಳ ಮೇಲಿದೆ. ಅದನ್ನು ಮೆದುಳಿನ ಸಿಟಿ ಸ್ಕ್ಯಾನ್ ನೋಡಿದ ಡಾಕ್ಟರೇ ಹೇಳಬೇಕು. ಐದನೇ ವಾರದ 4ನ್ನು ಹಿಡಿದು ‘ಇನ್ನು ಇಷ್ಟೇ’ ಅನ್ನುವ ನೆಂಟರ ಮಾತು ಮಾತ್ರ ಕಿವಿಗೆ ಹಾಕಿಕೊಳ್ಳಬೇಡಿ.

ಬಾರ್ಥೆಲ್‌ನ ಹತ್ತು ಸಾಲಿನಲ್ಲಿ ಮಾತಿಗೆ ಜಾಗವೇ ಇಲ್ಲ. ನೆನಪಿಗೆ, ಮನಸ್ಸಿನ ಬೇಸರಕ್ಕೆ, ಸುಸ್ತಿಗೂ ಇಲ್ಲ. 100 ಬಂದವರು ಒಂದು ಫೋನ್ ಮಾತು ಮುಗಿಸಲಾಗದೆ ಕಷ್ಟಪಡೋದನ್ನು ನೋಡಿದ್ದೇನೆ. ತಂದೆಗೆ ಸ್ಪೀಚ್ ಥೆರಪಿ ಬೇಕಾ ಅಂತ ಬೇರೆಯಾಗಿ ಕೇಳಿ. ದಿನವಿಡೀ ಗೋಡೆ ಕಡೆ ತಿರುಗಿ ಮಲಗಿರುತ್ತಾರೆ ಅಂದಿರಲ್ಲ, ಅದನ್ನೂ ಹೇಳಿ. ಸ್ಟ್ರೋಕ್ ಆದ ಮೇಲೆ ಖಿನ್ನತೆ ಸಾಮಾನ್ಯ, ಅದಕ್ಕೆ ಔಷಧಿ ಇದೆ.

ಕೊನೆಗೆ ಅಂಗವೈಕಲ್ಯ ಸರ್ಟಿಫಿಕೇಟಿನ ವಿಷಯ. ಎಂಆರ್‌ಎಸ್ 4 ಅಂದರೆ ಶೇಕಡಾ 40 ಅಂಗವೈಕಲ್ಯ ಅಂತ ಅಲ್ಲ. ಸರ್ಕಾರದ ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡಿಗೆ ವೈದ್ಯರು ಬೇರೆ ಲೆಕ್ಕದಲ್ಲಿ ಪರೀಕ್ಷೆ ಮಾಡಿ ಶೇಕಡಾವಾರು ಕೊಡುತ್ತಾರೆ. ಡಿಸ್ಚಾರ್ಜ್ ಸಮ್ಮರಿ, ಸಿಟಿ ರಿಪೋರ್ಟು ಎರಡನ್ನೂ ಜೋಪಾನವಾಗಿಡಿ, ಅಲ್ಲಿ ಕೇಳುತ್ತಾರೆ.